ಜಪಾನಿನ ಬಿಸಿನೀರ ಬುಗ್ಗೆಯ ವಸತಿ: ಮೊದಲು ಊಟ, ಆಮೇಲೆ ನೀರು, ಕೊನೆಗೆ ಊರು

ಉಡುಪಿ, ಮಂಗಳೂರು ಕಡೆಯಿಂದ ಜಪಾನಿಗೆ ಹೊರಡುವ ಪರಿಚಿತರು ರ್ಯೋಕಾನ್ ವಿಷಯ ಬಂದಾಗ ಮೊದಲು ಕೇಳುವುದು ಫೂಜಿ ಪರ್ವತ ಕಾಣುವ ಕೋಣೆ ಎಲ್ಲಿ ಸಿಗುತ್ತದೆ ಎಂದು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ರ್ಯೋಕಾನ್ ಎಂದರೆ ತತಾಮಿ ಚಾಪೆ ಹಾಸಿದ ಕೋಣೆಗಳಿರುವ ಸಾಂಪ್ರದಾಯಿಕ ವಸತಿಗೃಹ. ಓನ್ಸೆನ್ ಎಂದರೆ ನೆಲದಾಳದಿಂದ ಬರುವ ಬುಗ್ಗೆಯ ನೀರು ಮತ್ತು ಆ ನೀರಿನ ಸ್ನಾನದ ಮನೆ. ಇವೆರಡೂ ಒಟ್ಟಿಗಿರುವ ಕಡೆ ಒಂದು ರಾತ್ರಿ ತಂಗಲು ನಾವು ತೆರುವ ಹಣದಲ್ಲಿ ದೊಡ್ಡ ಪಾಲು ರಾತ್ರಿಯ ಊಟದ್ದು. ಆ ಊಟವನ್ನು ನಮ್ಮ ಮನೆಯವರು ಉಣ್ಣಬಲ್ಲರೇ ಎಂಬುದು ಇತ್ಯರ್ಥವಾಗದೆ ಕೋಣೆಯ ಚಿತ್ರ ನೋಡಿ ಹಣ ಕಟ್ಟಿದರೆ, ಕಿಟಕಿಯಾಚೆ ಪರ್ವತ ಕಂಡರೂ ಹೊಟ್ಟೆ ಖಾಲಿ ಇಟ್ಟುಕೊಂಡು ಮಲಗಬೇಕಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಆಯ್ಕೆಯ ಕ್ರಮವನ್ನು ಊಟದಿಂದಲೇ ಆರಂಭಿಸಿದ್ದೇನೆ.

ಅದಕ್ಕೂ ಮುಂಚೆ ದರದ ಲೆಕ್ಕವನ್ನು ಹೇಳಿಬಿಡಬೇಕು, ಏಕೆಂದರೆ ನಮ್ಮವರು ಮೊದಲು ಎಡವುವುದು ಅಲ್ಲಿಯೇ. ನಮ್ಮ ಲಾಡ್ಜುಗಳಲ್ಲಿ ಬಾಡಿಗೆ ಕೋಣೆಗೆ. ಮೂರನೆಯವರು ಬಂದರೆ ಒಂದು ಹಾಸಿಗೆ ಹೆಚ್ಚು ಹಾಕಿಸಿದರಾಯಿತು. ರ್ಯೋಕಾನಿನಲ್ಲಿ ದರ ತಲೆಗೆ ಇಷ್ಟು ಎಂದಿರುತ್ತದೆ, ಅದರಲ್ಲಿ ಒಂದು ರಾತ್ರಿಯ ವಾಸ, ರಾತ್ರಿಯೂಟ ಮತ್ತು ಬೆಳಗಿನ ಊಟ ಸೇರಿರುತ್ತವೆ. ಜಪಾನೀಯರು ಇದನ್ನು ‘ಇಪ್ಪಾಕು ನಿಶೋಕು’, ಅಂದರೆ ಒಂದು ರಾತ್ರಿ ಎರಡು ಊಟ, ಎನ್ನುತ್ತಾರೆ. ಮಧ್ಯಮ ದರ್ಜೆಯ ಒಳ್ಳೆಯ ರ್ಯೋಕಾನಿಗೆ ತಲೆಗೆ ಸುಮಾರು 15,000ದಿಂದ 30,000 ಯೆನ್ ಹಿಡಿಯಬಹುದು. ಐಷಾರಾಮಿ ಜಾಗಗಳಲ್ಲಿ 50,000 ಯೆನ್ ದಾಟುವುದು ಸಾಮಾನ್ಯ. ಒಂದು ಯೆನ್ನಿಗೆ ಅರ್ಧ ರೂಪಾಯಿಗಿಂತ ತುಸು ಹೆಚ್ಚು ಎಂದು ಲೆಕ್ಕ ಹಾಕಿದರೂ, ತಲೆಗೆ 20,000 ಯೆನ್ನಿನಂತೆ ನಾಲ್ಕು ಜನರ ಕುಟುಂಬಕ್ಕೆ ಒಂದು ರಾತ್ರಿಗೆ 80,000 ಯೆನ್, ಅಂದರೆ ನಲವತ್ತು ಸಾವಿರ ರೂಪಾಯಿಗೂ ಮೇಲೆ ಬೀಳುತ್ತದೆ. ಇದರ ಮೇಲೆ ಬಿಸಿನೀರ ಬುಗ್ಗೆಯ ಊರುಗಳಲ್ಲಿ ತಲೆಗೆ ಸಾಮಾನ್ಯವಾಗಿ 150 ಯೆನ್ ಸ್ನಾನದ ತೆರಿಗೆಯೂ ಇರುತ್ತದೆ. ಇಷ್ಟು ಹಣ ಕೊಡುವಾಗ ಒಂದೇ ರಾತ್ರಿ ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದ ದಿನಗಳಿಗೆ ಊರಿನೊಳಗಿನ ಸಾಮಾನ್ಯ ಹೋಟೆಲು ನೋಡಿಕೊಳ್ಳಬಹುದು. ಊಟವಿಲ್ಲದೆ ಕೋಣೆ ಮಾತ್ರ ಕೊಡುವ ಏರ್ಪಾಡಿಗೆ ‘ಸುದೊಮಾರಿ’ ಎನ್ನುತ್ತಾರೆ. ಈ ಪದವನ್ನು ನೆನಪಿಡಬೇಕು, ಮುಂದೆ ಅದು ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಊಟದ ಪ್ರಶ್ನೆ

ರ್ಯೋಕಾನಿನ ರಾತ್ರಿಯೂಟಕ್ಕೆ ಕೈಸೆಕಿ ಎಂದು ಹೆಸರು. ಸಣ್ಣ ಸಣ್ಣ ಪಾತ್ರೆಗಳಲ್ಲಿ, ಆಯಾ ಋತುವಿನ ಮತ್ತು ಆಯಾ ಊರಿನ ಪದಾರ್ಥಗಳು ಒಂದಾದ ಮೇಲೊಂದರಂತೆ ಬರುತ್ತವೆ: ಹಸಿ ಮೀನಿನ ತುಂಡು, ಸುಟ್ಟ ಮೀನು, ತಿಳಿಸಾರು, ಬೇಯಿಸಿದ ತರಕಾರಿ, ಹಬೆಯಲ್ಲಿ ಬೆಂದ ಪದಾರ್ಥ, ಕರಿದದ್ದು, ಕೊನೆಯಲ್ಲಿ ಅನ್ನ, ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟಿನ ಸಾರು ಮತ್ತು ಉಪ್ಪಿನಲ್ಲಿ ಹಾಕಿದ ತರಕಾರಿ. ಮೀನು ತಿನ್ನುವ ಮಂಗಳೂರಿನ ಮನೆಗಳವರಿಗೆ ಇದರಲ್ಲಿ ದೊಡ್ಡ ತೊಡಕಿಲ್ಲ. ಬಂಗುಡೆ, ಬೂತಾಯಿಗಳ ಸಮೀಪದ ಬಂಧುಗಳೇ ಅಲ್ಲಿನ ತಟ್ಟೆಯಲ್ಲೂ ಬರುತ್ತವೆ, ಮಸಾಲೆ ಮಾತ್ರ ಇರುವುದಿಲ್ಲ. ಹಸಿ ಮೀನು ಒಗ್ಗದಿದ್ದರೆ ಅದರ ಬದಲು ಸುಟ್ಟದ್ದು ಕೊಡಿ ಎಂದು ಕಾದಿರಿಸುವಾಗಲೇ ಹೇಳಬೇಕು. ಡೆಂಜಿ ಅಂದರೆ ಏಡಿ, ಸಿಗಡಿ ಮೈಗಾಗದವರು ಅದನ್ನೂ ತಪ್ಪದೆ ತಿಳಿಸಬೇಕು, ಏಕೆಂದರೆ ಅಲ್ಲಿನ ಚಳಿಗಾಲದ ಊಟದಲ್ಲಿ ಏಡಿಯೇ ಮುಖ್ಯ ಪದಾರ್ಥವಾಗಿರುವುದುಂಟು.

ಸಸ್ಯಾಹಾರಿಗಳ ಸಮಸ್ಯೆ ಬೇರೆ, ಅದು ಕಣ್ಣಿಗೆ ಕಾಣದ ಕಡೆ ಇದೆ. ನಮ್ಮ ಹುಳಿ, ಮೇಲೋಗರಗಳಲ್ಲಿ ತೆಂಗಿನಕಾಯಿ ಹೇಗೋ ಜಪಾನೀ ಅಡಿಗೆಯಲ್ಲಿ ದಾಶಿ ಎಂಬ ಬುನಾದಿಯ ನೀರು ಹಾಗೆ. ಬೊನಿಟೊ ಎಂಬ ಟ್ಯೂನಾ ಜಾತಿಯ ಮೀನನ್ನು ಹೊಗೆಯಲ್ಲಿಟ್ಟು ಕಟ್ಟಿಗೆಯಂತಾಗುವ ತನಕ ಒಣಗಿಸಿ, ಅದರ ಹೆರೆಗಳನ್ನು ಕೊಂಬು ಎಂಬ ಕಡಲಕಳೆಯ ಜೊತೆ ಬಿಸಿನೀರಿನಲ್ಲಿಟ್ಟು ಸೋಸಿದ ರಸವೇ ಸಾಮಾನ್ಯವಾದ ದಾಶಿ. ಮಿಸೊ ಸಾರಿನಲ್ಲಿ, ಬೇಯಿಸಿದ ಕುಂಬಳಕಾಯಿಯಲ್ಲಿ, ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ ತೆಂಪುರದ ಜೊತೆ ಕೊಡುವ ಅದ್ದುವ ರಸದಲ್ಲಿ, ತೋಫು ಎಂಬ ಸೋಯಾ ಹಾಲಿನ ಗಿಣ್ಣಿನ ಮೇಲೆ ಹನಿಸುವ ನೀರಿನಲ್ಲಿ ಅದು ಇದ್ದೇ ಇರುತ್ತದೆ. ‘ಮಾಂಸ ಮೀನು ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ, ಅಡಿಗೆಯವರು ಶ್ರದ್ಧೆಯಿಂದ ಮೀನಿನ ತುಂಡುಗಳನ್ನು ತೆಗೆದು ದಾಶಿಯನ್ನು ಹಾಗೆಯೇ ಉಳಿಸುತ್ತಾರೆ. ಅವರ ದೃಷ್ಟಿಯಲ್ಲಿ ಅದು ಮೀನಲ್ಲ, ನೀರು.

ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ನಾನು ಮಾಡಿದ ತಪ್ಪು ಇದೇ. ಕಾದಿರಿಸುವ ಅರ್ಜಿಯ ಕೊನೆಯ ಚೌಕದಲ್ಲಿ ‘ಸಸ್ಯಾಹಾರಿ’ ಎಂಬ ಒಂದು ಪದ ಬರೆದು ನಿಶ್ಚಿಂತನಾಗಿದ್ದೆ. ಹನ್ನೊಂದು ಪುಟ್ಟ ಪಾತ್ರೆಗಳು ಮುಂದೆ ಬಂದು ಕುಳಿತ ಮೇಲೆ ಬಡಿಸುವ ಮಹಿಳೆಯನ್ನು ಒಂದೊಂದರ ಬಗ್ಗೆಯೂ ಕೇಳಿದೆ. ಆಕೆ ಪ್ರಾಮಾಣಿಕವಾಗಿಯೇ ಉತ್ತರಿಸಿದರು. ಅಮ್ಮ ಅಂದು ಉಂಡದ್ದು ಅನ್ನ, ಉಪ್ಪಿನ ಸೌತೆ ಮತ್ತು ಒಂದು ಹೋಳು ಕರ್ಬೂಜ. ತಪ್ಪು ಆ ಮನೆಯದಲ್ಲ.

ಆದ್ದರಿಂದ ಶುದ್ಧ ಸಸ್ಯಾಹಾರ ಬೇಕಾದವರ ಮುಂದೆ ಇರುವ ದಾರಿಗಳನ್ನು ನನ್ನ ಇಷ್ಟದ ಕ್ರಮದಲ್ಲಿ ಹೇಳುತ್ತೇನೆ. ಮೊದಲನೆಯದು ರ್ಯೋಕಾನಿನ ಊಟವನ್ನೇ ನೆಚ್ಚದೆ, ಸಂಪ್ರದಾಯದ ವಾಸಕ್ಕೆ ದೇವಸ್ಥಾನದ ವಸತಿಯನ್ನು ಆರಿಸುವುದು. ಒಸಾಕಾದ ದಕ್ಷಿಣಕ್ಕಿರುವ ಕೋಯಾಸಾನ್ ಬೆಟ್ಟವನ್ನು ಶಿಂಗೊನ್ ಎಂಬ ಬೌದ್ಧ ಪಂಥದ ಕೂಕಾಯಿ ಎಂಬ ಆಚಾರ್ಯರು ಕ್ರಿ.ಶ. 816ರಲ್ಲಿ ಅರಸನಿಂದ ಪಡೆದು ಅಲ್ಲಿ ಮಠ ಸ್ಥಾಪಿಸಿದರು. ಇಂದು ಅಲ್ಲಿನ ಐವತ್ತಕ್ಕೂ ಹೆಚ್ಚು ಗುಡಿಗಳು ‘ಶುಕುಬೋ’ ಎಂಬ ಹೆಸರಿನಲ್ಲಿ ಯಾತ್ರಿಗಳಿಗೆ ತಂಗಲು ಕೋಣೆ ಕೊಡುತ್ತವೆ: ಅದೇ ತತಾಮಿ, ಅದೇ ನೆಲದ ಹಾಸಿಗೆ, ಅದೇ ಜಾರುವ ಕಾಗದದ ಬಾಗಿಲು. ಊಟ ಮಾತ್ರ ಶೋಜಿನ್ ರ್ಯೋರಿ, ಅಂದರೆ ಬೌದ್ಧ ಸನ್ಯಾಸಿಗಳ ಅಡಿಗೆ. ಅದರಲ್ಲಿ ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂತಹ ಘಾಟಿನ ಗಡ್ಡೆಗಳೂ ಸಂಪ್ರದಾಯದ ಪ್ರಕಾರ ನಿಷಿದ್ಧ. ದಾಶಿಯನ್ನು ಕೊಂಬು ಮತ್ತು ಒಣ ಅಣಬೆಯಿಂದ ತೆಗೆಯುತ್ತಾರೆ. ಉಡುಪಿಯ ಅಷ್ಟಮಠಗಳ ಅಡಿಗೆಯಲ್ಲಿ ಏನನ್ನು ಬಿಡುತ್ತಾರೆ ಎಂದು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಎಳ್ಳಿನ ಹಾಲಿನಿಂದ ಮಾಡಿದ ಗೋಮಾ ದೋಫು, ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ದೋಫು ಅಲ್ಲಿನ ವಿಶೇಷಗಳು. ಬೆಳಗಿನ ಜಾವದ ಪೂಜೆಗೆ ಅತಿಥಿಗಳೂ ಕೂರಬಹುದು. ಕೆಲವು ಗುಡಿಗಳಲ್ಲಿ ಬೆಂಕಿಗೆ ಕಟ್ಟಿಗೆ ಅರ್ಪಿಸುವ ‘ಗೋಮಾ’ ನಡೆಯುತ್ತದೆ, ಆ ಪದ ಸಂಸ್ಕೃತದ ಹೋಮವೇ. ಕೊರತೆ ಒಂದೇ: ಬೆಟ್ಟದ ಮೇಲಿನ ಹೆಚ್ಚಿನ ಗುಡಿಗಳಲ್ಲಿ ಸ್ನಾನದ ತೊಟ್ಟಿ ಇದ್ದರೂ ಅದರಲ್ಲಿರುವುದು ಕಾಯಿಸಿದ ನೀರು, ಬುಗ್ಗೆಯ ನೀರಲ್ಲ. ಹೀಗಾಗಿ ಕೋಯಾಸಾನಿನಲ್ಲಿ ಒಂದು ರಾತ್ರಿ ತಂಗಿ, ಓನ್ಸೆನ್ನಿಗೆ ಬೇರೊಂದು ದಿನ ಹಗಲು ಹೊತ್ತಿನಲ್ಲಿ ಹೋಗಿ ಮಿಂದು ಬರುವುದು ಒಳ್ಳೆಯ ಜೋಡಣೆ. ಹಾಗೆ ಹಗಲಲ್ಲಿ ಹಣ ಕೊಟ್ಟು ಮಿಂದು ಹೋಗುವುದಕ್ಕೆ ‘ಹಿಗಾಏರಿ’ ಎನ್ನುತ್ತಾರೆ, ಅನೇಕ ರ್ಯೋಕಾನುಗಳು ಅದಕ್ಕೆ ಅವಕಾಶ ಕೊಡುತ್ತವೆ.

ಎರಡನೆಯ ದಾರಿ ಸುದೊಮಾರಿ ಹಿಡಿದು ಊಟವನ್ನು ಹೊರಗೆ ನೋಡಿಕೊಳ್ಳುವುದು. ಆದರೆ ಬೆಟ್ಟದ ನಡುವೆ ಒಂಟಿಯಾಗಿರುವ ರ್ಯೋಕಾನಿನಲ್ಲಿ ಇದು ನಡೆಯದು. ಹೊರಗೆ ಅಂಗಡಿಯೇ ಇರುವುದಿಲ್ಲ. ಈ ದಾರಿಗೆ ಪೇಟೆಯಂತಿರುವ ಬುಗ್ಗೆಯ ಊರು ಬೇಕು. ಕ್ಯುಶೂ ದ್ವೀಪದ ಬೆಪ್ಪು ಪಟ್ಟಣದ ಕನ್ನಾವ ಎಂಬ ಭಾಗ ನಮ್ಮವರಿಗೆ ಹೇಳಿ ಮಾಡಿಸಿದಂತಿದೆ. ಅಲ್ಲಿ ನೆಲದಿಂದ ಏಳುವ ಬಿಸಿ ಹಬೆಯನ್ನೇ ಒಲೆಯಾಗಿ ಬಳಸುತ್ತಾರೆ, ಅದಕ್ಕೆ ‘ಜಿಗೊಕು ಮುಶಿ’, ನರಕದ ಹಬೆ, ಎಂದು ಹೆಸರು. ದೀರ್ಘಕಾಲ ತಂಗುವವರಿಗಾಗಿ ಇರುವ ಹಳೆಯ ಸರಳ ವಸತಿಗಳಲ್ಲಿ ಅತಿಥಿಗಳೇ ಪೇಟೆಯಿಂದ ಗೆಣಸು, ಕ್ಯಾಬೇಜು, ಜೋಳದ ತೆನೆ ತಂದು ಹಬೆಯ ಗೂಡಿನಲ್ಲಿಟ್ಟು ಬೇಯಿಸಿಕೊಳ್ಳಬಹುದು. ಮೂಡೆ, ಕಡುಬು, ಪತ್ರೊಡೆಗಳನ್ನು ಹಬೆಯಲ್ಲಿ ಬೇಯಿಸಿ ಬೆಳೆದವರಿಗೆ ಆ ಗೂಡಿನ ಮುಂದೆ ನಿಂತಾಗ ಪರದೇಶ ಎನ್ನಿಸುವುದಿಲ್ಲ. ಈಶಾನ್ಯದ ತೊಹೊಕು ಪ್ರಾಂತದಲ್ಲಿಯೂ ಚಿಕಿತ್ಸೆಗೆಂದು ವಾರಗಟ್ಟಲೆ ತಂಗುವವರ ‘ತೋಜಿ’ ವಸತಿಗಳಲ್ಲಿ ಅಡಿಗೆಕೋಣೆ ಬಳಸಲು ಬಿಡುವ ಪದ್ಧತಿ ಇದೆ. ದರವೂ ಕಡಿಮೆ, ಕಟ್ಟಡ ಮಾತ್ರ ಹಳತು.

ಮೂರನೆಯದು, ಸಸ್ಯಾಹಾರವನ್ನು ಮಾಡಿಕೊಡಲು ಒಪ್ಪುವ ರ್ಯೋಕಾನನ್ನು ಹುಡುಕಿ ಬರಹದಲ್ಲಿ ಒಪ್ಪಿಗೆ ಪಡೆಯುವುದು. ಇದು ಸಾಧ್ಯ, ಆದರೆ ಸಮಯ ಬೇಕು. ಪತ್ರದ ಒಕ್ಕಣೆಯನ್ನು ಕೊನೆಯಲ್ಲಿ ಕೊಡುತ್ತೇನೆ. ಬ್ಯಾರಿ ಮನೆಗಳವರೂ ಇದೇ ಎಚ್ಚರಿಕೆ ವಹಿಸಬೇಕು. ಹಂದಿಮಾಂಸ ಬೇಡವೆಂದರೆ ಸಾಲದು, ಅಡಿಗೆಗೆ ಹಾಕುವ ಮಿರಿನ್ ಮತ್ತು ಸಾಕೆ ಎರಡೂ ಮದ್ಯದ ಅಂಶವಿರುವ ಪದಾರ್ಥಗಳು ಎಂಬುದನ್ನು ನೆನಪಿನಲ್ಲಿಟ್ಟು ಕೇಳಬೇಕು.

ಬೆಳಗಿನ ಊಟದ ಬಗ್ಗೆ ಒಂದು ಸಮಾಧಾನದ ಮಾತಿದೆ. ಅನೇಕ ಕಡೆ ‘ಒಕಾಯು’ ಎಂಬ ಅನ್ನದ ಗಂಜಿ, ಅದರ ಜೊತೆ ಉಮೆಬೊಶಿ ಎಂಬ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ಸಿಗುತ್ತದೆ. ಕುಚ್ಚಲಕ್ಕಿ ಗಂಜಿಗೆ ಮಾವಿನ ಮಿಡಿ ಕಚ್ಚಿಕೊಂಡು ಉಣ್ಣುವವರಿಗೆ ಇದಕ್ಕಿಂತ ಹತ್ತಿರದ್ದು ಬೇರೆ ಬೇಕಿಲ್ಲ.

ಮೈ, ಬಟ್ಟೆ, ಸಂಕೋಚ

ಊಟದ ಬಳಿಕ ತೀರ್ಮಾನವಾಗಬೇಕಾದದ್ದು ಸ್ನಾನದ ಬಗೆ. ಓನ್ಸೆನ್ನಿನ ಸಾರ್ವಜನಿಕ ತೊಟ್ಟಿಗೆ ಬಟ್ಟೆ ಉಟ್ಟು ಇಳಿಯುವಂತಿಲ್ಲ, ಈಜುಡುಗೆಯೂ ಸಲ್ಲದು. ಗಂಡಸರಿಗೆ ಹೆಂಗಸರಿಗೆ ತೊಟ್ಟಿ ಬೇರೆ ಬೇರೆ. ಕೃಷ್ಣಮಠದಲ್ಲಿ ಅಂಗಿ ಬನಿಯನ್ ಕಳಚಿ ಒಳಹೋಗುವುದು ನಮಗೆ ರೂಢಿಯೇ, ಆದರೆ ಅಲ್ಲಿಂದ ಪೂರ್ತಿ ಬರಿಮೈಗೆ ಇರುವ ದೂರವನ್ನು ಎಲ್ಲರೂ ಒಂದೇ ಹೆಜ್ಜೆಯಲ್ಲಿ ದಾಟಲಾರರು. ಅಪ್ಪ ಮಗ, ಅತ್ತೆ ಸೊಸೆ ಒಟ್ಟಿಗೆ ಹೋಗುವ ಕುಟುಂಬದಲ್ಲಂತೂ ಇದನ್ನು ಊರಿನಲ್ಲಿ ಇರುವಾಗಲೇ ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು. ಸಂಕೋಚವಿದ್ದರೆ ಎರಡು ಪರಿಹಾರಗಳಿವೆ. ‘ಕಾಶಿಕಿರಿ’ ಎಂದರೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಮ್ಮ ಕುಟುಂಬಕ್ಕಷ್ಟೇ ಬಿಟ್ಟುಕೊಡುವ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ತೊಟ್ಟಿ. ಕೆಲವು ಕಡೆ ಇದು ಉಚಿತ, ಕೆಲವು ಕಡೆ ಬೇರೆ ಶುಲ್ಕ. ಇನ್ನೊಂದು, ಕೋಣೆಗೇ ಹೊಂದಿಕೊಂಡ ಬಯಲು ತೊಟ್ಟಿ. ಇದು ದುಬಾರಿ. ಅಷ್ಟೇ ಅಲ್ಲ, ಕೋಣೆಯ ತೊಟ್ಟಿಯಲ್ಲಿ ಬರುವುದು ಬುಗ್ಗೆಯ ನೀರೋ ಕಾಯಿಸಿದ ನಲ್ಲಿನೀರೋ ಎಂದು ಕೇಳಿ ತಿಳಿಯದೆ ಆ ಹೆಚ್ಚಿನ ಹಣ ಕೊಡಬಾರದು. ನನ್ನ ಸಲಹೆ ಕಾಶಿಕಿರಿ ಇರುವ ಮಧ್ಯಮ ದರದ ಮನೆ.

ಮೈಮೇಲೆ ಹಚ್ಚೆ ಇರುವವರನ್ನು ಅನೇಕ ಕಡೆ ಸಾರ್ವಜನಿಕ ತೊಟ್ಟಿಗೆ ಬಿಡುವುದಿಲ್ಲ, ಏಕೆಂದರೆ ಅಲ್ಲಿ ಹಚ್ಚೆಗೂ ಯಾಕುಜಾ ಎಂಬ ಅಪರಾಧಿ ಗುಂಪುಗಳಿಗೂ ಹಳೆಯ ನಂಟಿದೆ. ನಮ್ಮ ಅಜ್ಜಿಯಂದಿರ ಮುಂಗೈಯ ಹಚ್ಚೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಾಗಿಲಲ್ಲಿ ನಿಂತು ವಾದಿಸುವುದಕ್ಕಿಂತ ಮುಂಚಿತವಾಗಿ ಕೇಳಿಕೊಳ್ಳುವುದು ಮೇಲು. ಸಣ್ಣ ಗುರುತಾದರೆ ಮೇಲೆ ಪಟ್ಟಿ ಅಂಟಿಸಿಕೊಂಡು ಬನ್ನಿ ಎನ್ನುವವರೂ ಇದ್ದಾರೆ, ಕಾಶಿಕಿರಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ತೊಟ್ಟಿಗಿಳಿಯುವ ಮೊದಲು ಗಿಡ್ಡ ಮಣೆಯ ಮೇಲೆ ಕುಳಿತು ಸಾಬೂನು ಹಚ್ಚಿ ಪೂರ್ತಿ ಮಿಂದು ಬರಬೇಕು. ತೊಟ್ಟಿ ಇರುವುದು ಕೊಳೆ ತೊಳೆಯಲಿಕ್ಕಲ್ಲ, ಮೈ ನೆನೆಸಲಿಕ್ಕೆ. ನಮ್ಮ ಕಡೆಯವರು ವಿಶೇಷವಾಗಿ ತಲೆಯ ತೆಂಗಿನೆಣ್ಣೆಯನ್ನು ಗಮನಿಸಬೇಕು: ಓನ್ಸೆನ್ನಿಗೆ ಹೋಗುವ ದಿನ ಎಣ್ಣೆ ಹಚ್ಚದಿರುವುದೇ ಕ್ಷೇಮ, ಉದ್ದ ಕೂದಲನ್ನು ನೀರಿಗೆ ತಾಗದಂತೆ ಎತ್ತಿ ಕಟ್ಟಬೇಕು, ಜೊತೆಗಿರುವ ಚಿಕ್ಕ ತುಂಡುಬಟ್ಟೆಯನ್ನು ನೀರಿಗೆ ಅದ್ದಬಾರದು. ನೀರು ಸಾಮಾನ್ಯವಾಗಿ 40ರಿಂದ 43 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬಚ್ಚಲಿನ ಹಂಡೆಯ ನೀರಿಗೆ ತಣ್ಣೀರು ಬೆರೆಸಿ ನಮಗೆ ಬೇಕಾದ ಹದ ಮಾಡಿಕೊಂಡಂತೆ ಇಲ್ಲಿ ಮಾಡಲಾಗದು, ಆದ್ದರಿಂದ ಕಾಲಿಗೆ ಮೈಗೆ ಒಂದೆರಡು ಚೊಂಬು ಸುರಿದುಕೊಂಡು ಒಗ್ಗಿಸಿಕೊಂಡು ಇಳಿಯಬೇಕು, ಐದರಿಂದ ಹತ್ತು ನಿಮಿಷಕ್ಕೆ ಎದ್ದು ಬರಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಬೇಕು. ಮದ್ಯ ಸೇವಿಸಿದ ಮೇಲೆ ತೊಟ್ಟಿಗೆ ಇಳಿಯಲೇಬಾರದು. ಮುಟ್ಟಿನ ದಿನಗಳಲ್ಲಿ ಸಾರ್ವಜನಿಕ ತೊಟ್ಟಿಗೆ ಹೋಗದಿರುವುದು ಅಲ್ಲಿನ ರೂಢಿ, ಆದ್ದರಿಂದ ದಿನಾಂಕ ಗೊತ್ತುಮಾಡುವಾಗ ಅದನ್ನೂ ಎಣಿಸಬೇಕು.

ನೀರನ್ನು ಓದುವುದು

ಜಪಾನಿನ 1948ರ ಓನ್ಸೆನ್ ಕಾನೂನಿನ ಪ್ರಕಾರ, ನೆಲದಿಂದ ಬರುವ ನೀರು ಮೂಲದಲ್ಲಿ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿ ಇದ್ದರೆ, ಇಲ್ಲವೇ ಗೊತ್ತುಪಡಿಸಿದ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಅದನ್ನು ಓನ್ಸೆನ್ ಎಂದು ಕರೆಯಬಹುದು. 25 ಡಿಗ್ರಿ ಎಂದರೆ ಏನು ಮಹಾ, ನಮ್ಮ ಕರಾವಳಿಯ ಬಾವಿನೀರೇ ಹೆಚ್ಚುಕಡಿಮೆ ಅಷ್ಟು ಬೆಚ್ಚಗಿರುತ್ತದೆ! ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥವಂತೂ ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಹೀಗಾಗಿ ‘ಓನ್ಸೆನ್’ ಎಂಬ ಫಲಕ ಕಂಡ ಮಾತ್ರಕ್ಕೆ ಕುದಿಯುವ ಬುಗ್ಗೆ ಎಂದು ತಿಳಿಯಬೇಕಿಲ್ಲ. ಕಾಯಿಸಿದ ನೀರು, ಬೆರೆಸಿದ ನೀರು, ಸೋಸಿ ಮತ್ತೆ ಮತ್ತೆ ತಿರುಗಿಸಿದ ನೀರು ಕೂಡ ಆ ಹೆಸರಿನಲ್ಲಿ ಬರಬಹುದು.

ಇದರ ವಿವರ ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಇರುತ್ತದೆ. 2004ರಲ್ಲಿ ನಾಗಾನೊ ಪ್ರಾಂತದ ಶಿರಾಹೊನೆ ಎಂಬ ಬುಗ್ಗೆಯ ಊರಿನಲ್ಲಿ, ಹಾಲಿನಂತೆ ಬಿಳಿಯಾದ ನೀರಿಗೆ ಹೆಸರಾದ ಕೆಲವು ತೊಟ್ಟಿಗಳಿಗೆ ಬಿಳಿ ಬಣ್ಣ ಬರಲೆಂದು ಪುಡಿ ಬೆರೆಸುತ್ತಿದ್ದದ್ದು ಬಯಲಾಗಿ ದೇಶದಲ್ಲೆಲ್ಲ ಗದ್ದಲವೆದ್ದಿತು. ಮರುವರ್ಷದಿಂದ ನೀರು ಬೆರೆಸಿದ್ದಾರೆಯೇ, ಕಾಯಿಸಿದ್ದಾರೆಯೇ, ಮರುಬಳಸುತ್ತಾರೆಯೇ, ಪುಡಿ ಅಥವಾ ಕ್ರಿಮಿನಾಶಕ ಹಾಕಿದ್ದಾರೆಯೇ ಎಂಬುದನ್ನು ಕಾರಣಸಹಿತ ತೋರಿಸುವುದು ಕಡ್ಡಾಯವಾಯಿತು. ಕಾದಿರಿಸುವ ಮೊದಲು ರ್ಯೋಕಾನಿನ ಜಾಲತಾಣದಲ್ಲಿ ‘ಗೆನ್ಸೆನ್ ಕಾಕೆನಾಗಾಶಿ’ ಎಂಬ ಮಾತಿದೆಯೇ ನೋಡಿ. ಬುಗ್ಗೆಯಿಂದ ಬಂದ ನೀರು ತೊಟ್ಟಿ ತುಂಬಿ ಹೊರಗೆ ಹರಿದುಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ ಎಂದು ಅದರ ಅರ್ಥ. ನೀರಿಗಾಗಿಯೇ ಹೋಗುವುದಾದರೆ ನಾನು ಮೊದಲು ಹುಡುಕುವುದು ಇದನ್ನೇ.

ನೀರಿನ ಗುಣದಲ್ಲಿ ನಮಗೆ ಬೇಕಾದಷ್ಟನ್ನೇ ಹೇಳುವುದಾದರೆ, ‘ಸರಳ’ ಎಂದು ವರ್ಗೀಕರಿಸಿದ ನೀರು ಮೃದುವಾಗಿದ್ದು ಮಕ್ಕಳಿಗೂ ವಯಸ್ಸಾದವರಿಗೂ ಹೊಂದುತ್ತದೆ. ಉಪ್ಪಿನ ನೀರಿನಲ್ಲಿ ಮಿಂದರೆ ಮೈ ಬಹುಹೊತ್ತು ಬೆಚ್ಚಗಿರುತ್ತದೆ. ಗಂಧಕದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ಆಮ್ಲದ ನೀರು ಗಾಯವಿದ್ದರೆ, ಮೆದು ಚರ್ಮವಾದರೆ ಉರಿಸುತ್ತದೆ. ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಕಾಲುಂಗುರ, ಗೆಜ್ಜೆ, ಬೆಳ್ಳಿಯ ಉಡಿದಾರಗಳನ್ನು ಕೋಣೆಯಲ್ಲೇ ತೆಗೆದಿಡಬೇಕು. ಕರಿಮಣಿಯನ್ನು ತೆಗೆಯಲು ಮನಸ್ಸಿಲ್ಲದವರು ಗಂಧಕದ ಊರನ್ನೇ ಬಿಟ್ಟು ಸರಳ ನೀರಿನ ಊರನ್ನು ಆರಿಸಿಕೊಳ್ಳಲಿ.

ಊರು, ಕಾಲ, ಮನೆಯ ಹಿರಿಯರು

ಇಷ್ಟು ತೀರ್ಮಾನವಾದ ಮೇಲೆ ಊರಿನ ಆಯ್ಕೆ ಸುಲಭ. ಟೋಕಿಯೊದಿಂದ ಹೆಚ್ಚು ಅಲೆಯದೆ ಹೋಗಬೇಕಾದರೆ ಹಕೊನೆ. ಶಿಂಜುಕು ನಿಲ್ದಾಣದಿಂದ ಒಡಾಕ್ಯು ಕಂಪನಿಯ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಎಲ್ಲ ಬಗೆಯ ನೀರು, ಎಲ್ಲ ದರದ ಮನೆ ಅಲ್ಲಿದೆ, ಜನಸಂದಣಿಯೂ ಅಷ್ಟೇ. ಫೂಜಿ ಕಾಣಬೇಕೆಂದರೆ ಚಳಿಗಾಲವೇ ಒಳ್ಳೆಯದು. ಬೇಸಿಗೆಯಲ್ಲಿ ಮೋಡ ಅದನ್ನು ದಿನಗಟ್ಟಲೆ ಮುಚ್ಚಿಡುತ್ತದೆ. ನೀರಿನ ಶಕ್ತಿಯನ್ನೇ ನೋಡಬೇಕಾದರೆ ಗುನ್ಮಾ ಪ್ರಾಂತದ ಕುಸಾತ್ಸು: ಅಲ್ಲಿನ ನೀರಿನ ಪಿಎಚ್ ಸುಮಾರು 2, ಅಂದರೆ ಹೆಚ್ಚುಕಡಿಮೆ ನಿಂಬೆರಸದಷ್ಟು ಹುಳಿ. ಬುಗ್ಗೆಯ ನೀರು ವಿಪರೀತ ಬಿಸಿಯಾದ್ದರಿಂದ, ತಣ್ಣೀರು ಬೆರೆಸಿ ಅದರ ಗುಣ ಕೆಡಿಸಬಾರದೆಂದು ಹಲಗೆಗಳಿಂದ ಹೊಡೆದು ಆರಿಸುವ ‘ಯುಮೊಮಿ’ ಎಂಬ ಪದ್ಧತಿ ಅಲ್ಲಿ ಬೆಳೆದಿದೆ. ಕ್ಯೋಟೊದಿಂದ ಎರಡೂವರೆ ಗಂಟೆಯ ರೈಲಿನ ದೂರದಲ್ಲಿರುವ ಕಿನೊಸಾಕಿಯಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ರ್ಯೋಕಾನಿನಲ್ಲಿ ಕೊಡುವ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮರದ ಮೆಟ್ಟು ಹಾಕಿಕೊಂಡು, ಕಾಲುವೆಯ ಬದಿಯಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆಯುವುದೇ ಆ ಊರಿನ ಸುಖ. ರಥಬೀದಿಯಲ್ಲಿ ಸಂಜೆ ಸುತ್ತುವ ಅಭ್ಯಾಸವಿರುವವರಿಗೆ ಅದು ತುಂಬ ಇಷ್ಟವಾಗುತ್ತದೆ. ಅಲ್ಲಿನ ರ್ಯೋಕಾನಿನೊಳಗಿನ ತೊಟ್ಟಿ ಚಿಕ್ಕದೆಂದು ಬೇಸರಿಸಬಾರದು, ಊರೇ ಸ್ನಾನದ ಮನೆ. ಯುಕಾತಾವನ್ನು ಎಡಗಡೆಯ ಸೆರಗು ಮೇಲೆ ಬರುವಂತೆ ಉಡಬೇಕು. ಬಲಗಡೆಯದನ್ನು ಮೇಲೆ ತರುವುದು ಶವಕ್ಕೆ ಉಡಿಸುವಾಗ ಮಾತ್ರ. ಕೋಬೆಯ ಹತ್ತಿರದ ಅರಿಮಾದಲ್ಲಿ ಕಬ್ಬಿಣದಂಶದಿಂದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ ನೀರಿದೆ. ಕುಮಾಮೊತೊ ಪ್ರಾಂತದ ಕುರೊಕಾವಾದಲ್ಲಿ ಒಂದು ಮರದ ಬಿಲ್ಲೆ ಕೊಂಡರೆ ಮೂರು ರ್ಯೋಕಾನುಗಳ ತೊಟ್ಟಿಗಳಲ್ಲಿ ಮೀಯಬಹುದು.

ಹಿರಿಯರು ಜೊತೆಗಿದ್ದರೆ ಮೊಣಕಾಲನ್ನು ನೆನೆಯಬೇಕು. ರ್ಯೋಕಾನಿನಲ್ಲಿ ನೆಲದ ಮೇಲೆ ಕೂರಬೇಕು, ನೆಲದ ಮೇಲೆ ಫುತೋನ್ ಹಾಸಿ ಮಲಗಬೇಕು. ಚಾಪೆಯಲ್ಲಿ ಮಲಗಿ ಬೆಳೆದ ತಲೆಮಾರೇ ಆದರೂ ಎಪ್ಪತ್ತು ದಾಟಿದ ಮೇಲೆ ನೆಲದಿಂದ ಏಳುವುದು ಕಷ್ಟ. ಮಂಚವೂ ತತಾಮಿಯೂ ಒಟ್ಟಿಗಿರುವ ‘ವಾಯೋಶಿತ್ಸು’ ಎಂಬ ಕೋಣೆಯನ್ನು ಕೇಳಿ ಪಡೆಯಬಹುದು. ಹಳೆಯ ಮರದ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ, ಕೆಲವಲ್ಲಿ ಶೌಚಾಲಯ ಕೋಣೆಯ ಹೊರಗೆ ಎಲ್ಲರಿಗೂ ಸೇರಿದ್ದಾಗಿರುತ್ತದೆ. ಇವೆರಡನ್ನೂ ಮುಂಚೆಯೇ ವಿಚಾರಿಸಿ.

ಕಾಲದ ವಿಷಯದಲ್ಲಿ ಹೊಸವರ್ಷ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಾಲು ರಜೆ, ಆಗಸ್ಟ್ ನಡುವಿನ ಓಬೊನ್ ಎಂಬ ಪಿತೃಗಳ ಹಬ್ಬ ಮತ್ತು ಎಲ್ಲ ಶನಿವಾರಗಳನ್ನು ಬಿಡಬೇಕು. ನಮ್ಮ ಮಕ್ಕಳ ಬೇಸಿಗೆ ರಜೆ ಆ ಸಾಲು ರಜೆಯ ಮೇಲೆಯೇ ಬೀಳುವುದು ದುರದೃಷ್ಟ. ಏಪ್ರಿಲ್ ಎರಡನೆಯ ಮೂರನೆಯ ವಾರದ ಭಾನುವಾರದಿಂದ ಗುರುವಾರದ ಒಳಗೆ ಹಿಡಿದರೆ ದರವೂ ಇಳಿಯುತ್ತದೆ, ಸ್ಥಳವೂ ಸಿಗುತ್ತದೆ. ವಿಮಾನ ಇಳಿದ ದಿನವೇ ರ್ಯೋಕಾನಿಗೆ ಹೋಗುವ ಯೋಜನೆ ಬೇಡ. ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ, ಊಟ ಸಂಜೆ ಆರು ಆರೂವರೆಗೆ, ಖಾಲಿ ಮಾಡಬೇಕಾದದ್ದು ಮರುದಿನ ಬೆಳಿಗ್ಗೆ ಹತ್ತಕ್ಕೆ. ರಾತ್ರಿ ಒಂಬತ್ತಕ್ಕೆ ಉಣ್ಣುವ ನಾವು ತಡವಾಗಿ ಹೋಗಿ ಊಟ ಕೇಳಿದರೆ ಅಡಿಗೆಮನೆ ಮುಚ್ಚಿರುತ್ತದೆ. ಬೆಂಗಳೂರಿನಿಂದ ನರಿತಾಕ್ಕೆ ನೇರ ವಿಮಾನವಿದ್ದರೂ ಮಂಗಳೂರಿನಿಂದ ಹೊರಟವರಿಗೆ ಒಂದು ರಾತ್ರಿಯ ನಿದ್ದೆ ಹೋಗಿರುತ್ತದೆ. ಮೊದಲ ಎರಡು ದಿನ ಪಟ್ಟಣದಲ್ಲಿ ಕಳೆದು, ದೊಡ್ಡ ಪೆಟ್ಟಿಗೆಗಳನ್ನು ‘ತಕ್ಯೂಬಿನ್’ ಎಂಬ ಸಾಗಣೆ ಸೇವೆಯಲ್ಲಿ ಮುಂದಿನ ಹೋಟೆಲಿಗೆ ಕಳುಹಿಸಿ, ಒಂದೇ ಕೈಚೀಲದೊಂದಿಗೆ ಹೋಗುವುದು ಹಿತ.

ಕಾದಿರಿಸುವ ಪತ್ರ

ಜಲಾನ್, ರಾಕುಟೆನ್ ಟ್ರಾವೆಲ್ ಮುಂತಾದ ತಾಣಗಳಲ್ಲಿಯೋ ರ್ಯೋಕಾನಿನ ಸ್ವಂತ ತಾಣದಲ್ಲಿಯೋ ಕಾದಿರಿಸುವಾಗ ಬರುವವರ ಸಂಖ್ಯೆಯನ್ನು, ಮಕ್ಕಳ ವಯಸ್ಸಿನ ಸಮೇತ, ಸರಿಯಾಗಿ ತುಂಬಬೇಕು. ಇಬ್ಬರೆಂದು ಬರೆದು ನಾಲ್ವರು ಹೋದರೆ ಇಬ್ಬರಿಗೆ ಊಟವೂ ಇಲ್ಲ, ಹಾಸಿಗೆಯೂ ಇಲ್ಲ. ಒಬ್ಬರೇ ಹೋಗುವವರನ್ನು, ಚಿಕ್ಕ ಮಕ್ಕಳನ್ನು ಒಪ್ಪದ ಮನೆಗಳೂ ಇವೆ. ವಿದೇಶೀ ತಾಣಗಳಲ್ಲಿ ಅಗ್ಗವಾಗಿ ಕಾಣುವ ದರ ಹಲವು ಸಲ ಊಟವಿಲ್ಲದ ಕೋಣೆಯದು, ಅದನ್ನು ಎರಡು ಬಾರಿ ಓದಿ ನೋಡಬೇಕು. ಚಿಕ್ಕ ಮನೆಗಳಲ್ಲಿ ನಗದು ಮಾತ್ರ ನಡೆಯಬಹುದು. ಪಾಸ್‌ಪೋರ್ಟಿನ ಪ್ರತಿ ಕೇಳಿದರೆ ಗಾಬರಿ ಬೇಡ, ವಿದೇಶೀಯರಿಂದ ಅದನ್ನು ಪಡೆಯುವುದು ಅಲ್ಲಿನ ನಿಯಮ. ಟಿಪ್ಸ್ ಕೊಡುವ ಅಗತ್ಯವಿಲ್ಲ.

ಹಣ ಕಟ್ಟುವ ಮೊದಲು, ಕಡಿಮೆಯೆಂದರೆ ಮೂರು ನಾಲ್ಕು ವಾರ ಮುಂಚೆ, ಒಂದು ಪತ್ರ ಕಳುಹಿಸಿ. ಅದರಲ್ಲಿ ‘ಸಸ್ಯಾಹಾರಿ’ ಎಂಬ ಪದದ ಬದಲು ಪಟ್ಟಿ ಇರಲಿ: ಮಾಂಸ, ಕೋಳಿ, ಮೀನು, ಸಿಗಡಿ, ಏಡಿ, ಚಿಪ್ಪು, ಮೊಟ್ಟೆ ಬೇಡ, ಮೀನಿನ ದಾಶಿ ಬೇಡ, ಕೊಂಬು ಮತ್ತು ಅಣಬೆಯ ದಾಶಿ ಆಗಬಹುದು, ಹಾಲು, ಮೊಸರು, ತೋಫು, ಎಲ್ಲ ತರಕಾರಿ ಆಗಬಹುದು. ಈರುಳ್ಳಿ ಬೆಳ್ಳುಳ್ಳಿ ಬಿಡುವವರು ಅದನ್ನೂ ಸೇರಿಸಿ. ಏನು ಆಗಬಹುದು ಎಂದು ಬರೆಯುವು‌ದು ಏನು ಬೇಡ ಎಂಬುದರಷ್ಟೇ ಮುಖ್ಯ, ಏಕೆಂದರೆ ಅಡಿಗೆಯವರು ಆ ಪಟ್ಟಿಯಿಂದಲೇ ಹನ್ನೊಂದು ಪಾತ್ರೆ ತುಂಬಬೇಕು. ಅಲ್ಲಿಗೆ ಹೋದ ಮೇಲೂ ಹೇಳಲು ಬೇಕಾದ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ: ‘ನಿಕು ಮೊ ಸಕಾನಾ ಮೊ ಕತ್ಸುವೊ ದಾಶಿ ಮೊ ತಬೆರಾರೆಮಾಸೆನ್’, ಮಾಂಸವನ್ನೂ ಮೀನನ್ನೂ ಮೀನಿನ ದಾಶಿಯನ್ನೂ ನಾವು ತಿನ್ನಲಾರೆವು ಎಂದರ್ಥ. ಪತ್ರದಲ್ಲಿ ಕಾಶಿಕಿರಿ ಇದೆಯೇ, ಅದನ್ನು ಮುಂಚಿತವಾಗಿ ಗೊತ್ತುಮಾಡಬಹುದೇ, ರೈಲು ನಿಲ್ದಾಣದಿಂದ ಕರೆದೊಯ್ಯುವ ವಾಹನ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನೂ ಸೇರಿಸಬಹುದು.

ಉತ್ತರ ಹೆಚ್ಚಾಗಿ ಎರಡು ಮೂರು ದಿನದಲ್ಲಿ ಬರುತ್ತದೆ. ‘ಕ್ಷಮಿಸಿ, ನಮ್ಮಿಂದಾಗದು’ ಎಂದು ಬಂದರೆ ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಆಗದ್ದನ್ನು ಆಗುತ್ತದೆ ಎಂದು ಹೇಳಿ ಅನ್ನ ಉಪ್ಪಿನಕಾಯಿ ಬಡಿಸುವವರಿಗಿಂತ ಇವರು ಮೇಲು. ಅದೇ ಮನೆಗೆ ಇನ್ನೊಂದು ಪತ್ರ ಬರೆದು, ಹಾಗಾದರೆ ಸುದೊಮಾರಿ ಕೊಡುವಿರಾ ಎಂದು ಕೇಳಿ ನೋಡಿ. ಎರಡನೆಯ ಸಲ ಅಮ್ಮನೊಂದಿಗೆ ಹೋದಾಗ ನಮಗೆ ಕೋಣೆ ಸಿಕ್ಕಿದ್ದು ಹಾಗೆಯೇ. ಊಟಕ್ಕೆ ಪೇಟೆಯ ಅಂಗಡಿಯಿಂದ ಬಿಳಿ ಅನ್ನ, ತೋಫು ತಂದಿದ್ದೆವು. ಚೀಲದಲ್ಲಿ ಉಡುಪಿಯಿಂದ ಒಯ್ದ ಚಟ್ನಿಪುಡಿ ಇತ್ತು. ಕೋಣೆಯಲ್ಲಿ ಕುಳಿತು ತಿನ್ನಬಹುದೇ ಎಂದು ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆವು.